ಪುಟ ಮೂವತ್ತೊಂದು

ಮಾಟುಂಗದ ನಮ್ಮ ಸಂಘದ ಅಡುಗೆ ಪುಸ್ತಕ,
ಬೆಲೆ ನೂರಿಪ್ಪತ್ತು, ರಾತ್ರಿಶಾಲೆಯ ಬಾಡಿಗೆಗೆ.
ಅಚ್ಚಾಗಿ ಬಂದ ದಿನವೇ
ವಾರಿಜಕ್ಕ ಹಣೆ ಚಚ್ಚಿಕೊಂಡರು:
ಅವರ ಬಂಗುಡೆ ಪುಳಿಮುಂಚಿಗೆ ಉಪ್ಪೇ ಇಲ್ಲ!
‘ಮುನ್ನೂರು ಪ್ರತಿ ಮಾರಾಯ್ತಿ,
ಮುನ್ನೂರು ಮನೆಯಲ್ಲಿ ನನ್ನ ಮರ್ಯಾದೆ!’

ಎಂಟಕ್ಕೆ ಹುಡುಗರು ಬಂದರು,
ಕ್ಯಾಂಟೀನಿನ ಮುಸುರೆ ತೊಳೆದು ಬಿಳಿಚಿದ ಬೆರಳು.
ಮಾಸ್ತರು ಹಲಗೆಯ ಮೇಲೆ ಬರೆದರು: ಉಪ್ಪು.
ಅಂದು ಅದೇ ಪಾಠ.
ಹುಣಸೆಯ ಕೆಳಗೆ, ನೀಲಿ ಪೆನ್ನಿನಲ್ಲಿ,
ಹನ್ನೊಂದು ಕೈ, ಮುನ್ನೂರು ಸಲ.

ಎಲ್ಲ ಖರ್ಚಾಯಿತು. ನಾಲ್ಕು ತಿಂಗಳ ಬಾಡಿಗೆ ಹುಟ್ಟಿತು.
ಒಂದನ್ನು ಮಾತ್ರ ನಾನೇ ಕೊಂಡೆ,
ಅದರಲ್ಲಿ ಶೀನ
ಒತ್ತು ಮರೆತು ಬರೆದಿದ್ದ: ಉಪು.

ನಿನ್ನೆ ಅದನ್ನೇ ನೋಡಿ ಮಾಡಿದೆ.
ಸಪ್ಪೆ ಅಂದರು ಇವರು.
ಹೌದಾ, ಅಂದೆ.
ಮೇಲೆ ಹಾಕಲಿಲ್ಲ.