ಬೇಲಿ ತೊಂಡೆ

ಮೊದಲ ಎಲೆ ಕಿತ್ತಾಗ ನಾನು ನಕ್ಕೆನಂತೆ.
ನನಗೆ ನೆನಪಿಲ್ಲ. ದೇವೀರಮ್ಮನಿಗೆ ನೆನಪಿದೆ.
ಜಾಲಿಕೊಪ್ಪಲಿನ ನಾಲೆ ಏರಿಯ ಕೆಳಗೆ
ಹತ್ತು ಗುಂಟೆ ಹೀರೆ ಚಪ್ಪರ,
ಚಪ್ಪರದ ತುಂಬ ಮುದುರಿದ ಎಲೆ:
ಹಸಿರಿನೊಳಗೆ ಹಳದಿ, ಹಳದಿಯೊಳಗೆ ಮತ್ತೆ ಹಸಿರು ಗುಳ್ಳೆ,
ಯಾರೋ ಬೇಕೆಂದೇ ಕೂತು ಬಿಡಿಸಿದ ಹಾಗೆ.
ಎರಡು ವರ್ಷ ಪಟದಲ್ಲಿ ನೋಡಿದ್ದೆ.
ಬಿಸಿಲಲ್ಲಿ ಅವತ್ತೇ ಮೊದಲು.

"ಏನವ್ವಾ, ಚಿನ್ನ ಸಿಕ್ದಂಗೆ ನಗ್ತೀಯಲ್ಲ"
ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಅದೇ ಕಷ್ಟ.

ಎಲೆಯನ್ನು ಬಟರ್ ಪೇಪರಿನಲ್ಲಿ ಸುತ್ತಿ
ಐಸ್ ಡಬ್ಬಿಗೆ ಇಳಿಸಿದೆ. ಮೈಸೂರು ಬಸ್ಸಿನಲ್ಲಿ
ಕಂಡಕ್ಟರು ಕೇಳಿದ: ಐಸ್‌ಕ್ರೀಮಾ? ಮೀನಾ?
ಕಾಯಿಲೆ ಎಂದೆ.
ಲಗೇಜ್ ಟಿಕೆಟ್ಟು ಹರಿಯದೆ ಮುಂದೆ ಹೋದ.

ಮಾನಸಗಂಗೋತ್ರಿಯ ಎರಡನೇ ಮಹಡಿಯಲ್ಲಿ
ದ್ರವ ಸಾರಜನಕ ಹೊಯ್ದ ಪಿಂಗಾಣಿ ಒರಳಲ್ಲಿ
ಎಲೆ ಗಾಜಿನಂತೆ ಪುಡಿಯಾಯಿತು. ಹೊಗೆ ಎದ್ದಿತು, ತಣ್ಣನೆ ಹೊಗೆ.
ಆಮೇಲಿನದು ಯಂತ್ರದ ಪಾಲು:
ಕಾಯಿಸು, ತಣಿಸು, ಬೆಳೆಸು, ಮತ್ತೆ ಕಾಯಿಸು,
ಮೂವತ್ತೈದು ಸುತ್ತು.
ಅಷ್ಟರಲ್ಲಿ ನಾನು ಕ್ಯಾಂಟೀನಿಗೆ ಹೋಗಿ
ಸೆಟ್ ದೋಸೆ ತಿಂದು, ಕೈ ಒರೆಸಿಕೊಂಡು ಬಂದೆ.

ಜೆಲ್ಲಿನ ಕೆಳಗೆ ನೇರಳೆ ಬೆಳಕು ಹಚ್ಚಿದಾಗ
ಒಂದು ಗೆರೆ. ಉಗುರಿನಗಲ.
ಇದ್ದಾನೆ.

ಅವನದು ಎರಡು ಬಳೆ, ಅಷ್ಟೇ ಆಸ್ತಿ.
ಬಳೆಯೊಂದಕ್ಕೆ ಎರಡು ಸಾವಿರದ ಏಳುನೂರು ಚಿಲ್ಲರೆ ಅಕ್ಷರ,
ಅದೂ ನಾಲ್ಕನ್ನೇ ಮತ್ತೆ ಮತ್ತೆ ಪೋಣಿಸಿದ್ದು.
ಒಂದು ಬಳೆ ತನ್ನನ್ನು ತಾನೇ ಹಡೆಯಲು,
ಇನ್ನೊಂದು ಪಕ್ಕದ ಕೋಣೆಗೆ ದಾಟಲು.
ಎರಡೂ ಸೇರಿಸಿ ಬರೆದರೆ ನಾಲ್ಕು ಹಾಳೆ ತುಂಬದು.
ಅಷ್ಟಕ್ಕೇ ಹತ್ತು ಗುಂಟೆ ಮುದುರಿಹೋಯಿತು.

ಹೋಲಿಕೆ ನೂರಕ್ಕೆ ತೊಂಬತ್ತೊಂದಕ್ಕಿಂತ ಕೆಳಗೆ ಬಂದರೆ
ಹೊಸ ಪ್ರಭೇದ; ಹೆಸರಿಡುವ ಸರದಿ ನಮ್ಮದು.
ರಾತ್ರಿ ಹನ್ನೊಂದಕ್ಕೆ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು.
ಕಿಟಕಿಯಲ್ಲಿ ಬೆಟ್ಟದ ದೀಪಗಳು.
ಎಂಬತ್ತೊಂಬತ್ತು ಬರಲಮ್ಮಾ ಎಂದು ಕೈ ಮುಗಿದೆ.
ಬೇಡಿದ್ದು ಏನನ್ನು ಎಂದು
ಕೈ ಇಳಿಸಿದ ಮೇಲೆ ತಿಳಿಯಿತು.

ತೊಂಬತ್ತಾರು ಪಾಯಿಂಟ್ ನಾಲ್ಕು.
ಹಳಬ. ಹೆಸರು ಟೊಮೆಟೊದ್ದು, ವಿಳಾಸ ದೆಹಲಿಯದು,
ಉಂಡುಟ್ಟು ಬಾಳಿದ್ದು ಹೀರೆಯ ಮನೆಯಲ್ಲಿ.

ಹೇಳಲು ಹೋದೆ. ಚಪ್ಪರ ಬೋಳು.
ಬಳ್ಳಿ ಕಿತ್ತು ಸುಟ್ಟಾಗಿತ್ತು,
ಬೂದಿಯ ಮಗ್ಗುಲಲ್ಲಿ ಚೆಂಡು ಹೂವಿನ ಮಡಿ.
"ದಿಲ್ಲಿಯೋನಾ? ಇಲ್ಲೀಗಂಟ ಬಂದೌನಾ?"
ಈ ಸಲ ನಕ್ಕದ್ದು ಅವಳು.
"ಔಷ್ದಿ?"
ಇಲ್ಲ.
"ಹಂಗಾರೆ ಸುಟ್ಟಿದ್ದೇ ಸರಿ ಆಯ್ತು ಬುಡು."

ಬಿಳಿನೊಣ, ಹಳದಿ ಅಂಟುಹಾಳೆ, ಬಿತ್ತನೆಯ ಹೊತ್ತು
ಎಂದು ನಾನು ಏನೇನೋ ಒಪ್ಪಿಸುತ್ತಿದ್ದೆ.
ಅವಳು ಬೇಲಿಯತ್ತ ಗದ್ದ ಎತ್ತಿದಳು:
"ಅಗೋ, ಆ ಕಾಡು ತೊಂಡೆ. ಎಲ್ಲಕ್ಕೂ ಮೊದ್ಲು
ಅದ್ಕೇ ಬಂದಿದ್ದು. ಹೋದ್ ವರ್ಸಾನೂವೆ.
ನೀನು ಕೇಳ್ಲೇ ಇಲ್ವಲ್ಲ."

ಕಿತ್ತುಬಿಡಿ ಅದನ್ನೂ, ಎಂದೆ.
"ಮೇಕೆ ತಿಂತದೆ, ಇರ್ಲಿ. ನೋಡವಾ."

ತೊಂಡೆಯ ಎಲೆಯಲ್ಲೂ ಅದೇ ಗೆರೆ,
ಅದೇ ಉಗುರಿನಗಲ.

ದಾಖಲೆಗೆ ಕಳಿಸುವ ನಮೂನೆಯಲ್ಲಿ ಖಾನೆಗಳಿದ್ದವು:
ಆಸರೆ ಗಿಡ, ದೇಶ, ಊರು, ಸಂಗ್ರಹಿಸಿದವರು.
ಊರಿನ ಮುಂದೆ ಜಾಲಿಕೊಪ್ಪಲು ಎಂದು ತುಂಬಿದೆ,
ಬಸ್ಸಿನ ಬೋರ್ಡಿನಲ್ಲೂ ಇಲ್ಲದ ಊರು.
ಮೊದಲು ಕಂಡವರು ಯಾರು
ಎಂಬ ಖಾನೆ ಇರಲಿಲ್ಲ.
ಸಂಗ್ರಹಿಸಿದವರು: ನನ್ನ ಹೆಸರು, ಒಂದು ಅಲ್ಪವಿರಾಮ, ದೇವೀರಮ್ಮ.

ಗೈಡು ಆ ಅಲ್ಪವಿರಾಮದ ಮೇಲೆ ಪೆನ್ನಿನ ತುದಿ ಇಟ್ಟು
ತುಸು ಹೊತ್ತು ಕೂತರು.
ಇವರು ಯಾವ ವಿಭಾಗ ಎಂದರು.

ಬೇಲಿ, ಸರ್ ಎಂದೆ.