ಮೂವತ್ತೊಂದನೇ ನಂಬರು

ಕೋಣೆಗೆ ಕಿಟಕಿಯಿಲ್ಲ. ಲಕ್ಕಸಂದ್ರದ ಹಾರ್ನು
ಗೋಡೆ ದಾಟಿ ಬರುವುದಿಲ್ಲ.
ನನ್ನ ಹೆಸರು ಮುನಿಯಲ್ಲಪ್ಪ; ಇಲ್ಲಿ ಮೂವತ್ತೊಂದು.

ಫ್ಲೇವಿಯಾ ಮೇಡಂ ಕಿವಿಗೆ ಹೆಡ್‌ಫೋನು ಸಿಕ್ಕಿಸುತ್ತಾರೆ.
ಅದರೊಳಗೂ ಅವರದೇ ದನಿ, ಮಂಗಳೂರಿನ ಇಸ್ತ್ರಿ ಹಾಕಿದ ಕನ್ನಡ:
“ನೀವು ಮುಂಬಾಗಿಲಲ್ಲಿ ನಿಂತಿದ್ದೀರಿ. ಸಂಜೆ ಆರೂಕಾಲು.
ಮಡಿವಾಳದಲ್ಲಿ ಜನ. ನಿಮ್ಮ ಬಾಯಲ್ಲಿ ಸೀಟಿ ಇದೆ.
ಅಜ್ಜಿಯ ಒಂದು ಕಾಲು ಇನ್ನೂ ನೆಲದ ಮೇಲಿದೆ.
ನೀವು ಊದುತ್ತೀರಿ.”

ಹೌದು, ಊದಿದೆ. ನಾನೇ ಹೇಳಿ ಬರೆಸಿದ್ದು.
ಆದರೆ ಹೇಳಿದ್ದು ಹೀಗಿರಲಿಲ್ಲ;
ನಡುವೆ ಬೈಗುಳ ಇತ್ತು, ಸಿಂಬಳ ಇತ್ತು,
“ಹಿಂದೆ ಇನ್ನೊಂದು ಬಸ್ಸು ಒತ್ತುತ್ತಿತ್ತು ಮೇಡಂ” ಇತ್ತು.

ಐದು ನಿಮಿಷ. ಆಮೇಲೆ ಬಟ್ಟೆ ಸರಿಸುತ್ತಾರೆ:
ಗಾಜಿನ ಲೋಟ, ನಾನು ಕುಡಿಯುವ ವಿಸ್ಕಿಯೇ, ತೊಂಬತ್ತು ಎಂಎಲ್.
ಡಿಪೋ ಹಿಂದೆ ಪೊಟ್ಟಣದ ಮೂಲೆ ಹಲ್ಲಲ್ಲಿ ಕಚ್ಚಿ ಎತ್ತುತ್ತಿದ್ದದ್ದು
ಇಲ್ಲಿ ದೇವರ ಹಾಗೆ ಕೂತಿದೆ. ಮೂಸಬಹುದು, ಮುಟ್ಟುವಂತಿಲ್ಲ.
“ಈಗ ಎಷ್ಟು ಬೇಕನಿಸುತ್ತಿದೆ? ಸೊನ್ನೆಯಿಂದ ನೂರು.”

ಇಪ್ಪತ್ತೆರಡು ವರ್ಷ ಟಿಕೆಟ್ ಹರಿದವನು,
ಸ್ಟೇಜಿಗೆ ತಕ್ಕ ರೇಟು ನಾಲಗೆ ತುದಿಯಲ್ಲೇ ಇರುತ್ತಿತ್ತು.
ಆಸೆಗೆ ಯಾವ ಸ್ಟೇಜು?
ಮೊದಲ ವಾರ ಎಂಬತ್ತೈದು ಅಂದೆ. ನಾಲ್ಕನೇ ವಾರ ಅರವತ್ತು.
ಇವತ್ತು ಮೂವತ್ತು. ಚಿಲ್ಲರೆ ಇಲ್ಲ.

ದಿನಕ್ಕೆರಡು ಬಿಳಿ ಮಾತ್ರೆ. ಮದ್ದೋ, ಬರೀ ಹಿಟ್ಟೋ
ನನಗೆ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ,
ಎಲ್ಲೋ ಒಂದು ಕವರಿನಲ್ಲಿ ಅಂಟಿಸಿಟ್ಟಿದ್ದಾರಂತೆ.
ಗಂಗರತ್ನ ಒಂದನ್ನು ನಾಲಗೆಗೆ ಮುಟ್ಟಿಸಿ ನೋಡಿದಳು:
“ಕಹಿ ಐತೆ. ನಿಜವಾದ್ದೇ.”
ಹಿಟ್ಟಿಗೂ ಕಹಿ ಬೆರೆಸಬಹುದು ಅಂತ ನಾನು ಹೇಳಲಿಲ್ಲ.

ತೋಳಿನ ಬಿ.ಪಿ. ಪಟ್ಟಿ ಬಿಚ್ಚುವಾಗ ಇವತ್ತು ಅಂದೆ:
ಮೇಡಂ, ಅದರಲ್ಲಿ ಒಂದು ಸಾಲು ಬಿಟ್ಟುಹೋಗಿದೆ.
ಅಜ್ಜಿಯ ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು.
ಎಡಗಾಲಿನದು. ಉಂಗುಟದ ಹತ್ತಿರ ಹಸಿರು ದಾರದ ಹೊಲಿಗೆ.
ಡಿಪೋದಲ್ಲಿ ಬರೆಸಲಿಲ್ಲ. ಪೊಲೀಸರಿಗೂ ಹೇಳಲಿಲ್ಲ.
ನನ್ನ ಹಳೇ ಚರ್ಮದ ಬ್ಯಾಗಿನಲ್ಲಿದೆ.

ಅವರು ಪೆನ್ನು ಎತ್ತಿದರು, ಇಟ್ಟರು.
“ನಡುವೆ ಬದಲಾಯಿಸುವ ಹಾಗಿಲ್ಲ, ಮುನಿಯಲ್ಲಪ್ಪನವರೇ.
ಎಲ್ಲ ವಾರವೂ ಒಂದೇ ಕತೆ ಕೇಳಬೇಕು.”
ಮೊದಲ ಸಲ ಹೆಸರು ಹಿಡಿದರು.

ಹಾಗಾದರೆ ಈ ಮೂವತ್ತು, ಚಪ್ಪಲಿ ಇಲ್ಲದ ಲೆಕ್ಕ.

ಹೊರಗೆ ಹೊಸೂರು ರಸ್ತೆ, ಹೊಗೆ, ಕಡಲೆಕಾಯಿ ಗಾಡಿ.
ಬಸ್ಸು ಬಂತು. ಕಂಡಕ್ಟರ್ ಹುಡುಗಿ ಸೀಟಿ ಬಾಯಿಗಿಟ್ಟಳು.
ನನ್ನ ಎರಡನೇ ಕಾಲು ಮೇಲೆ ಬರುವವರೆಗೂ ಊದಲಿಲ್ಲ —
ನೋಡಿ ಕಾದಳೋ,
ಮುಂದೆ ಸಿಗ್ನಲ್ಲು ಕೆಂಪಿತ್ತೋ.