ಹೊಲಿಗೆ ಬೀಳದ ಬಟ್ಟೆ

ಮಾಲೂರಿನ ರೈಲ್ವೆ ಗೇಟಿನ ಈಚೆ,
ಹೆಂಚಿನ ಕೆಂಪು ಧೂಳು ನನ್ನ ಅಂಗಡಿಯೊಳಗೂ ಬರುತ್ತದೆ.
ಬಿಳಿಯದೇನಿದ್ದರೂ ಗಾಜಿನ ಬೀರುವಿನಲ್ಲೇ ಇಡಬೇಕು.
ಅಲ್ಲಿದೆ ನೋಡಿ, ರೆಡಿಮೇಡ್ ಕಚ್ಚೆಪಂಚೆ:
ನೆರಿಗೆ ನಾನೇ ಹಿಡಿದು ಹೊಲಿದದ್ದು,
ಸೊಂಟಕ್ಕೆ ಪಟ್ಟಿ, ಮೊಬೈಲಿಗೊಂದು ಜೇಬು.
ಈಗಿನ ಮದುಮಕ್ಕಳು ಪ್ಯಾಂಟಿನ ಹಾಗೆ ಕಾಲು ತೂರಿಸಿ
ಚರ್ರೆಂದು ಅಂಟಿಸಿಕೊಂಡು ಹಸೆಗೆ ಹೋಗುತ್ತಾರೆ.
ನನ್ನ ಅನ್ನ ಅದು, ನಾನು ನಗುವುದಿಲ್ಲ.

ಕದಿರಪ್ಪ ಬಂದದ್ದು ದೀಪ ಹಚ್ಚುವ ಹೊತ್ತಿಗೆ.
ಹೆಂಚಿನ ಅಚ್ಚು ಅವನ ಎಡಗೈ ತಿಂದ ವರ್ಷ
ಐದು ಅಂಗಿಗಳ ತೋಳು ಕತ್ತರಿಸಿ
ಬಾಯಿ ಹೊಲಿದುಕೊಟ್ಟವನು ನಾನೇ.
"ಶುಕ್ರವಾರ ಮಗಳ ಧಾರೆ" ಅಂದ.
ಬೀರು ತೆಗೆದೆ. ಇದು ಸುಲಭ, ಒಂದೇ ಕೈ ಸಾಕು, ಅಂದೆ.
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.
ಅವನು ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ,
"ಸೂಜಿ ಚುಚ್ಚಿದ್ದನ್ನ ಉಟ್ಕೊಂಡು
ನಮ್ಮಪ್ಪ ದೇವರ ಮುಂದೆ ಕೂತೋನಲ್ಲ ಕಣಣ್ಣ.
ನಾನೆಂಗೆ ಮಗಳನ್ನ ಕೊಡ್ಲಿ?"
ಚೀಲದಿಂದ ತೆಗೆದ: ಹತ್ತು ಮೊಳದ ಹತ್ತಿ ಪಂಚೆ, ಹಸಿರಂಚು,
ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.
"ಇದನ್ನ ಒಂದ್ ಕೈಲಿ ಉಡೋದು ಹೇಳ್ಕೊಡು."
ಹೆಂಡತಿ ಉಡಿಸಲ್ವಾ?
"ಉಡಿಸ್ತಾಳೆ. ಅವತ್ತು ಅವಳಿಗೆ ಸಾವಿರ ಕೆಲಸ.
ನಂಗೂ ಒಂದಿರ್ಲಿ."

ಮೂವತ್ತು ವರ್ಷ ಹೊಲಿದವನು ನಾನು;
ಹೊಲಿಯದೆ ಏನು ಮಾಡಬೇಕೋ ತಿಳಿಯಲಿಲ್ಲ.
ಬಾಗಿಲು ಅರ್ಧ ಎಳೆದು, ಎಡಗೈ ಬೆನ್ನ ಹಿಂದಿಟ್ಟು
ಮೊದಲು ನಾನೇ ಉಟ್ಟು ನೋಡಿದೆ. ಬಿತ್ತು.
ಮತ್ತೆ ಬಿತ್ತು. ಚಡ್ಡಿಯಲ್ಲಿ ನಿಂತ ನನ್ನ ನೋಡಿ
ಕದಿರಪ್ಪ ಕೆಮ್ಮು ಬರುವಷ್ಟು ನಕ್ಕ.
ಆಮೇಲೆ ಸಿಕ್ಕಿತು ದಾರಿ:
ಒಂದು ಚುಂಗು ಹಲ್ಲಿಗೆ,
ಬಟ್ಟೆ ಜಾರದಂತೆ ಸೊಂಟ ಮೇಜಿನಂಚಿಗೆ,
ಹೊಕ್ಕುಳ ಹತ್ತಿರ ತಿರುಚಿ ಒಳಕ್ಕೆ;
ನೆರಿಗೆ ಮೇಜಿನ ಮೇಲೇ, ಒಕಟಿ, ರೆಂಡು, ಮೂಡು,
ಮನೆಮಾತಿನಲ್ಲೇ ಎಣಿಸುತ್ತಾನೆ,
ಐದನೆಯದಕ್ಕೆ ಬೆರಳು ಸಾಲದೆ ಗದ್ದ ಊರುತ್ತಾನೆ.
ಕಚ್ಚೆ ಹಿಂದಕ್ಕೆ ಹೋಗುವಾಗ ಮಾತ್ರ
ಇಲ್ಲದ ಕೈಯೂ ಹಿಂದಕ್ಕೆ ಹೋಗುತ್ತದೆ,
ಭುಜ ಅಲುಗುತ್ತದೆ.
ನಾನು ಲೆಕ್ಕದ ಪುಸ್ತಕ ನೋಡುತ್ತೇನೆ.

ನಾಲ್ಕು ಸಂಜೆ.

ಛತ್ರದಲ್ಲಿ, ಮೂಲೆಗಳಿಗೆ ಅರಿಶಿನ ಮುಟ್ಟಿಸಿದ ಪಂಚೆ.
ನೆರಿಗೆ ಒಂದು ಬೆರಳು ಎಡಕ್ಕೆ ವಾಲಿತ್ತು.
ದರ್ಜಿಯ ಕಣ್ಣಿಗೆ ಅದು ಮುಳ್ಳು;
ಸರಿಮಾಡಲು ಎದ್ದವನು ಕೂತೆ.
ಧಾರೆಯ ತಂಬಿಗೆಗೆ ಅವನದೊಂದು ಕೈ,
ಯರ್ರಮ್ಮನದೊಂದು.
ಪುರೋಹಿತರು ಲೆಕ್ಕ ಕೇಳಲಿಲ್ಲ.
ಹಾಲು ಇಳಿಯಿತು, ಹಸಿರಂಚಿನ ಮೇಲೂ ಒಂದಿಷ್ಟು.

ಮಾರನೇ ದಿನ ಕೂಲಿ ಕೊಡಲು ಬಂದ.
ಏನು ಹೊಲಿದೆನೆಂದು ತೆಗೆದುಕೊಳ್ಳಲಿ?
ಹೋಳಿಗೆಯ ಪೊಟ್ಟಣ ಇಟ್ಟು, ಬೈದು ಹೋದ.
ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ:
ಕದಿರಪ್ಪ, ಪಂಚೆ ಒಂದು;
ದಾರ, ಗುಂಡಿ, ಕಾಜಾ ಇಲ್ಲ.
ಮೇಜಿನಂಚಿನಲ್ಲಿ ಅವನು ಒರಗಿದ ಕಡೆ
ಕೆಂಪು ಧೂಳು ಮತ್ತೆ ಕೂರುತ್ತಿದೆ.